ಕೈರೋದ ಕುಂಟು ಕುದುರೆಗಳು ಮತ್ತು ಡೊರೊಥಿ ಬ್ರೂಕ್

ಮೊದಲನೇ ಮಹಾಯುದ್ಧದ ಕಾಲದಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ತೀನಿನ ಮರಳಿನಲ್ಲಿ ಸಾವಿರಾರು ಕುದುರೆಗಳು ದುಡಿದವು. 1918ರಲ್ಲಿ ಹೈಫಾ ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅದೇ ರಣರಂಗದಲ್ಲಿತ್ತು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೇನೆ ತನ್ನ ಕುದುರೆಗಳನ್ನು ಊರಿಗೆ ಒಯ್ಯಲಿಲ್ಲ. ಈಜಿಪ್ಟಿನಲ್ಲೇ ಸಾವಿರಾರನ್ನು ಮಾರಿಬಿಟ್ಟಿತು.

1930ರಲ್ಲಿ ಡೊರೊಥಿ ಬ್ರೂಕ್ ಕೈರೋಗೆ ಬಂದರು. ಪತಿ ಜೆಫ್ರಿ ಬ್ರೂಕ್ ಅಶ್ವದಳದ ಸೇನಾಧಿಕಾರಿ. ಆ ಕುದುರೆಗಳೆಲ್ಲ ಏನಾದವು ಎಂದು ಆಕೆ ಹುಡುಕಿಕೊಂಡು ಹೊರಟರು. ಗಾಡಿ ಎಳೆದು ಮೂಳೆ ಚಕ್ಕಳವಾಗಿ, ಕುಂಟುತ್ತಾ, ಮೈಮೇಲೆ ಸೇನೆಯ ಬಾಣದ ಮುದ್ರೆ ಹೊತ್ತು ಅವು ಇನ್ನೂ ಬದುಕಿದ್ದವು. ಹೆಚ್ಚಿನವಕ್ಕೆ ಇಪ್ಪತ್ತು ದಾಟಿತ್ತು.

ಕುದುರೆಯ ಭಾರವೆಲ್ಲ ಗೊರಸಿನ ಮೇಲೆ. ಒಳಪದರಕ್ಕೆ ಉರಿಯೂತ ಬಂದರೆ ಊದಿಕೊಳ್ಳಲು ಗಟ್ಟಿ ಗೊರಸಿನೊಳಗೆ ಜಾಗವೇ ಇಲ್ಲ, ನೋವು ವಿಪರೀತ. ರೋಗ ಹಳತಾದರೆ ಒಳಗಿನ ಎಲುಬೇ ವಾಲುತ್ತದೆ. ಆಮೇಲೆ ಮದ್ದಿಗಿಂತ ಆರೈಕೆ ಮುಖ್ಯ: ಮೆತ್ತನೆಯ ನೆಲ, ಅಳತೆಯ ಮೇವು, ನಾಲ್ಕಾರು ವಾರಕ್ಕೊಮ್ಮೆ ಗೊರಸು ಕೆತ್ತಿಸುವುದು. ಹೊಸ ಗೊರಸು ಪೂರ್ತಿ ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಂದಂದಿನ ಬಾಡಿಗೆಯಿಂದ ಮಕ್ಕಳ ಹೊಟ್ಟೆ ತುಂಬಿಸುವ ಗಾಡಿಯವನು ಅಷ್ಟು ದಿನ ಕುದುರೆ ಕಟ್ಟಿಹಾಕಿ ಕೂರುವುದು ಹೇಗೆ?

ಡೊರೊಥಿ ಇದನ್ನು ಅರ್ಥ ಮಾಡಿಕೊಂಡಿದ್ದರು. ಗಾಡಿಯವರನ್ನು ಕಟುಕರೆಂದು ಬೈಯಲಿಲ್ಲ, ಬೆಲೆ ಕೊಟ್ಟು ಕುದುರೆ ಕೊಂಡರು. ಮೊದಲು ಕೊಂಡ ಕುದುರೆಗೆ ಓಲ್ಡ್ ಬಿಲ್ ಎಂದು ಹೆಸರಿಟ್ಟರು. 1931ರಲ್ಲಿ ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಬರೆದ ಕಾಗದ ಓದಿ ಜನ ಹಣ ಕಳಿಸಿದರು. ಕೆಲವೇ ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಬಿಡಿಸಿದರು.

ಆದರೆ ಇಲ್ಲೊಂದು ಮಾತು ಮುಚ್ಚಿಡುವಂತಿಲ್ಲ. ಹೀಗೆ ಕೊಂಡ ಕುದುರೆಗಳಲ್ಲಿ ಬಹುಪಾಲನ್ನು ಚೆನ್ನಾಗಿ ಮೇವು ಕೊಟ್ಟು, ವಿಶ್ರಾಂತಿ ಕೊಟ್ಟು, ಕೊನೆಗೆ ನೋವಿಲ್ಲದಂತೆ ಕೊಲ್ಲಿಸಲಾಯಿತು. ಓಲ್ಡ್ ಬಿಲ್‌ಗೂ ಅದೇ ಆಯಿತು. ಗುಣವಾಗುವ ಹಂತ ದಾಟಿದ್ದವು ಎಂಬುದು ಆಕೆಯ ಕಾರಣ. ಪಿಂಜರಾಪೋಲ್ ನಡೆಸುವ ಜನ ಇದನ್ನು ಒಪ್ಪಲಾರರು. ಮುದಿ ಜೀವವನ್ನು ಆಯಸ್ಸು ಇರುವ ತನಕ ಸಾಕುವುದೇ ಅಲ್ಲಿನ ರೂಢಿ. ಕಟ್ಟಿದ ಕೊಟ್ಟಿಗೆಯಲ್ಲಿ ಕಾಲೂರಲಾರದೆ ನರಳುವ ಪ್ರಾಣಿಯನ್ನು ಹತ್ತಿರದಿಂದ ನೋಡಿದವರು ಆಕೆಯನ್ನು ಸುಲಭಕ್ಕೆ ಬೈಯಲೂ ಆರರು.

ಕೊಂಡು ಮುಗಿಸಿದ ಮೇಲೆ ಆಕೆ ಊರಿಗೆ ಹೊರಟುಬಿಡಬಹುದಿತ್ತು. ಸೇನೆಯ ಕುದುರೆಗಳ ಲೆಕ್ಕ ಮುಗಿದರೂ ಕೈರೋದ ಬೀದಿಗಳಲ್ಲಿ ದುಡಿಯುವ ಕುದುರೆ ಕತ್ತೆಗಳ ಗತಿ ಹಾಗೇ ಇತ್ತು. 1934ರಲ್ಲಿ ಯುದ್ಧಾಶ್ವಗಳ ನೆನಪಿಗೆ ಅಲ್ಲೇ ಆಸ್ಪತ್ರೆ ತೆರೆದರು. ಚಿಕಿತ್ಸೆ ಪುಕ್ಕಟೆ. ಗೊರಸು ಕೆಡುವ ಮೊದಲೇ ಬಡವನೂ ಧೈರ್ಯವಾಗಿ ಪ್ರಾಣಿಯನ್ನು ಕರೆತರಲು ಒಂದು ಬಾಗಿಲು ಸಿಕ್ಕಿತು.

ಡೊರೊಥಿ 1955ರಲ್ಲಿ ಕೈರೋದಲ್ಲೇ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ ಈಗ ಭಾರತದಲ್ಲೂ ಇದೆ. ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಕುದುರೆ, ಕತ್ತೆ, ಹೇಸರಗತ್ತೆಗಳ ಆರೈಕೆ ಮಾಡುತ್ತದೆ. ಲಾಳ ಕಟ್ಟುವವರಿಗೆ ಗೊರಸು ಕೆತ್ತುವ ಸರಿಯಾದ ಕ್ರಮವನ್ನು ಕಲಿಸುತ್ತದೆ.