ಚಾಪೆಯ ಮೇಲೆ ಮಲಗಿದ ಬ್ರಿಗೇಡಿಯರ್

1947ರಲ್ಲಿ ದೇಶದ ಜೊತೆ ಸೈನ್ಯವೂ ಎರಡಾಯಿತು. ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಅದರಲ್ಲಿದ್ದ ಮೊಹಮ್ಮದ್ ಉಸ್ಮಾನ್ ಅವರಿಗೆ ಅಲ್ಲಿ ಉನ್ನತ ಹುದ್ದೆಯ ಆಮಿಷವಿತ್ತು. ಆದರೂ ಅವರು ಭಾರತದಲ್ಲೇ ಉಳಿದರು.

ಈಗಿನ ಉತ್ತರ ಪ್ರದೇಶದಲ್ಲಿ 1912ರ ಜುಲೈ 15ರಂದು ಜನಿಸಿದ ಉಸ್ಮಾನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿನಲ್ಲಿ ತರಬೇತಿ ಪಡೆದವರು. 1947ರ ಡಿಸೆಂಬರ್‌ನಲ್ಲಿ ಕಾಶ್ಮೀರ ಯುದ್ಧದ ವೇಳೆ ಝಂಗರ್ ಶತ್ರುಗಳ ಕೈಸೇರಿತು. ಆಗ 50ನೇ ಪ್ಯಾರಾಚೂಟ್ ಬ್ರಿಗೇಡ್‌ನ ಮುಖ್ಯಸ್ಥರಾಗಿದ್ದ ಅವರು, ಅದನ್ನು ಮರಳಿ ಗೆಲ್ಲುವವರೆಗೂ ಮಂಚದ ಮೇಲೆ ಮಲಗುವುದಿಲ್ಲ ಎಂದು ಪಣ ತೊಟ್ಟರು. ಕೊರೆಯುವ ಚಳಿಯಲ್ಲೂ ನೆಲದ ಮೇಲಿನ ಚಾಪೆಯೇ ಅವರ ಹಾಸಿಗೆಯಾಯಿತು.

1948ರ ಫೆಬ್ರುವರಿ 6ರಂದು ಸಾವಿರಾರು ದಾಳಿಕೋರರು ನೌಶೇರಾದ ಮೇಲೆ ಮುಗಿಬಿದ್ದರು. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಉಸ್ಮಾನ್ ಪಡೆ ಅವರನ್ನು ಹಿಮ್ಮೆಟ್ಟಿಸಿತು. ಅಂದಿನಿಂದ ಅವರು 'ನೌಶೇರಾದ ಸಿಂಹ' ಎನಿಸಿದರು. ಅವರ ತಲೆಗೆ ಶತ್ರುಗಳು 50,000 ರೂಪಾಯಿ ಬಹುಮಾನ ಘೋಷಿಸಿದರು. ಮಾರ್ಚ್‌ನಲ್ಲಿ ಝಂಗರ್ ಮರಳಿ ಭಾರತದ ವಶವಾಯಿತು. ಆಮೇಲಷ್ಟೇ ಅವರು ಮಂಚದ ಮೇಲೆ ಮಲಗಿದ್ದು!

ಅದೇ ಝಂಗರ್‌ನಲ್ಲಿ ಜುಲೈ 3ರಂದು ಫಿರಂಗಿ ಗುಂಡು ಅವರನ್ನು ಬಲಿ ತೆಗೆದುಕೊಂಡಿತು. 36 ತುಂಬಲು ಇನ್ನು 12 ದಿನಗಳಿದ್ದವು. ದೆಹಲಿಯಲ್ಲಿ ನಡೆದ ಅಂತ್ಯಕ್ರಿಯೆಗೆ ಪ್ರಧಾನಿ ನೆಹರೂ ಬಂದಿದ್ದರು. ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಅವಿವಾಹಿತರಾಗಿದ್ದ ಉಸ್ಮಾನ್, ಸಂಬಳದ ಬಹುಪಾಲನ್ನು ಬಡ ಮಕ್ಕಳ ಓದಿಗೆ ಕೊಡುತ್ತಿದ್ದರು.

ಕ್ಯಾಂಪಸ್ ಸಂದರ್ಶನದ ದಿನಗಳಲ್ಲಿ ನಾವು ಮೊದಲು ನೋಡುವುದು ಸಂಬಳ, ಹುದ್ದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲಿ ನಿಲ್ಲಬೇಕು, ಯಾವುದಕ್ಕಾಗಿ ನಿಲ್ಲಬೇಕು ಎಂಬುದನ್ನೂ ಒಮ್ಮೆ ಯೋಚಿಸೋಣ. ಉಸ್ಮಾನ್ ಅದನ್ನು ಮೊದಲೇ ತೀರ್ಮಾನಿಸಿದ್ದರು.