ಕಾಡನ್ನು ತವರೆಂದು ಬಗೆದ ಗೌರಾ ದೇವಿ

ಚಿಪ್ಕೊ ಚಳವಳಿ ಎಂದೊಡನೆ ಮರವನ್ನು ತಬ್ಬಿ ನಿಂತ ಮಹಿಳೆಯರ ಚಿತ್ರ ಕಣ್ಣೆದುರು ಸುಳಿಯುತ್ತದೆ. ಆ ಮಹಿಳೆಯರ ಮುಂದಾಳಾಗಿದ್ದವರು ಗೌರಾ ದೇವಿ. ಕಾಡನ್ನು ಉಳಿಸಿದವರಿಗೆ ಅದನ್ನು ನೋಡಿಕೊಳ್ಳುವ ಹಕ್ಕೂ ಇರಬೇಡವೇ ಎಂಬ ಪ್ರಶ್ನೆಯನ್ನು ಅವರ ಬದುಕು ಇಂದಿಗೂ ನಮ್ಮ ಮುಂದಿಡುತ್ತದೆ.

ಈಗಿನ ಉತ್ತರಾಖಂಡದ ಚಮೋಲಿ ಜಿಲ್ಲೆಯ ಲಾತಾ ಗ್ರಾಮದ ಭೋಟಿಯಾ ಕುಟುಂಬವೊಂದರಲ್ಲಿ 1925ರಲ್ಲಿ ಗೌರಾ ದೇವಿ ಜನಿಸಿದರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಎಳವೆಯಲ್ಲೇ ವಿವಾಹವಾಗಿ ಸಮೀಪದ ರೇಣಿ ಗ್ರಾಮಕ್ಕೆ ಬಂದರು. 22ನೇ ವಯಸ್ಸಿಗೆ ವಿಧವೆಯಾದಾಗ ಮಡಿಲಲ್ಲಿ ಪುಟ್ಟ ಮಗನಿದ್ದ. ಬೇಸಾಯ, ಉಣ್ಣೆಯ ಕೆಲಸಗಳನ್ನು ಮಾಡುತ್ತಲೇ ಸಂಸಾರದ ಭಾರ ಹೊತ್ತರು. 1962ರ ಯುದ್ಧದ ಬಳಿಕ ಟಿಬೆಟ್ ಜೊತೆಗಿನ ವ್ಯಾಪಾರ ನಿಂತುಹೋದಾಗ ಈ ಕಣಿವೆಯ ಜನರಿಗೆ ಹೊಲ ಮತ್ತು ಕಾಡುಗಳೇ ಆಸರೆಯಾದವು.

1970ರಲ್ಲಿ ಅಲಕನಂದಾ ನದಿ ಉಕ್ಕಿ ಹರಿದು ಅಪಾರ ಹಾನಿ ಉಂಟುಮಾಡಿತು. ಮೇಲಿನ ಗುಡ್ಡಗಳಲ್ಲಿ ಮರ ಕಡಿದುದಕ್ಕೂ ಕೆಳಗಿನ ಪ್ರವಾಹಕ್ಕೂ ಇರುವ ಸಂಬಂಧವನ್ನು ಹಳ್ಳಿಗರು ಅನುಭವದಿಂದಲೇ ಅರಿತರು. ಈ ನಡುವೆ ಗೌರಾ ದೇವಿ ರೇಣಿಯ ಮಹಿಳಾ ಮಂಗಲ ದಳದ ಅಧ್ಯಕ್ಷೆಯಾದರು. ಊರಿನ ನೈರ್ಮಲ್ಯದ ಜೊತೆಗೆ ಗ್ರಾಮದ ಅರಣ್ಯದ ರಕ್ಷಣೆಯೂ ಆ ದಳದ ಹೊಣೆಯಾಗಿತ್ತು.

ರೇಣಿಯ ಸುಮಾರು 2,500 ಮರಗಳನ್ನು ಸರ್ಕಾರ ಹರಾಜು ಹಾಕಿತು. 1974ರ ಮಾರ್ಚ್ 26ರಂದು ಊರಿನ ಪುರುಷರು ಭೂಮಿಯ ಪರಿಹಾರಧನಕ್ಕಾಗಿ ಚಮೋಲಿಗೆ ತೆರಳಿದ್ದಾಗ ಗುತ್ತಿಗೆದಾರನ ಆಳುಗಳು ಕಾಡಿನತ್ತ ಹೊರಟರು. ಬಾಲಕಿಯೊಬ್ಬಳಿಂದ ಸುದ್ದಿ ತಿಳಿದ ಗೌರಾ ದೇವಿ, 27 ಮಂದಿಯ ಗುಂಪು ಕಟ್ಟಿಕೊಂಡು ಅವರಿಗೆ ಅಡ್ಡ ನಿಂತರು. ಕಾಡು ತಮ್ಮ ತವರುಮನೆಯೆಂದು ವಿನಯದಿಂದಲೇ ತಿಳಿಹೇಳಿದರು. ಬೈಗುಳಕ್ಕೂ ಬಂದೂಕಿನ ಬೆದರಿಕೆಗೂ ಜಗ್ಗಲಿಲ್ಲ. ಮಹಿಳೆಯರು ರಾತ್ರಿಯಿಡೀ ಕಾವಲು ಕುಳಿತರು. ಕೊನೆಗೆ ಆಳುಗಳು ಬರಿಗೈಯಲ್ಲಿ ಹಿಂದಿರುಗಬೇಕಾಯಿತು.

ಬಳಿಕ ಸರ್ಕಾರ ಸಸ್ಯಶಾಸ್ತ್ರಜ್ಞ ವೀರೇಂದ್ರ ಕುಮಾರ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಅದರ ವರದಿಯ ಮೇರೆಗೆ ಅಲಕನಂದಾ ಮೇಲ್ಕಣಿವೆಯ ಸುಮಾರು 1,200 ಚದರ ಕಿ.ಮೀ. ಪ್ರದೇಶದಲ್ಲಿ 10 ವರ್ಷ ಮರ ಕಡಿತಕ್ಕೆ ನಿಷೇಧ ಬಂತು. ಚಂಡಿ ಪ್ರಸಾದ್ ಭಟ್ ಅವರ ದಶೋಲಿ ಗ್ರಾಮ ಸ್ವರಾಜ್ಯ ಸಂಸ್ಥೆ ನಡೆಸಿದ ಶಿಬಿರಗಳಲ್ಲಿ ಚಮೋಲಿಯ ಮಹಿಳೆಯರು ಬೋಳು ಇಳಿಜಾರುಗಳಲ್ಲಿ ಸಸಿ ನೆಟ್ಟು ಕಾಪಾಡತೊಡಗಿದರು. ಚಿಪ್ಕೊದ ಪ್ರೇರಣೆ ಕರ್ನಾಟಕಕ್ಕೂ ತಲುಪಿ, 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದರು.

ಆದರೆ ಗೌರಾ ದೇವಿಯವರ ಸೀಮೆಯಲ್ಲಿ ವಿಪರ್ಯಾಸವೊಂದು ಕಾದಿತ್ತು. 1982ರಲ್ಲಿ ನಂದಾದೇವಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಕೊಡಲಿಯೊಂದಿಗೆ ಬಂದವರನ್ನು ತಡೆದ ಹಳ್ಳಿಗರೇ ಪಾರಂಪರಿಕ ಹುಲ್ಲುಗಾವಲು ಮತ್ತು ಗಿಡಮೂಲಿಕೆಗಳಿಂದ ದೂರವಾದರು. ಪರ್ವತಾರೋಹಿಗಳಿಗೆ ಮಾರ್ಗದರ್ಶಕರಾಗಿ, ಹಮಾಲರಾಗಿ ಗಳಿಸುತ್ತಿದ್ದ ಆದಾಯವೂ ನಿಂತಿತು. 1991ರ ಜುಲೈ 4ರಂದು ಗೌರಾ ದೇವಿ ನಿಧನರಾದಾಗ ಆ ಬಾಗಿಲು ಮುಚ್ಚಿಯೇ ಇತ್ತು.

1998ರಲ್ಲಿ ಅವರ ಹುಟ್ಟೂರಾದ ಲಾತಾದ ಜನ ನಿಷೇಧಿತ ಪ್ರದೇಶವನ್ನು ಪ್ರವೇಶಿಸಿ ಹಕ್ಕು ಪ್ರತಿಪಾದಿಸಿದರು. 2001ರಲ್ಲಿ ಜೀವವೈವಿಧ್ಯ ಸಂರಕ್ಷಣೆ ಹಾಗೂ ಪ್ರವಾಸೋದ್ಯಮದ ಘೋಷಣಾಪತ್ರ ಹೊರಡಿಸಿದರು. 2003ರಲ್ಲಿ ಉದ್ಯಾನದ ಒಂದು ಭಾಗ ಮಿತ ಸಂಖ್ಯೆಯ ಪ್ರವಾಸಿಗರಿಗೆ ತೆರೆಯಿತು.

2021ರ ಫೆಬ್ರುವರಿ 7ರಂದು ರೇಣಿಯ ಬಳಿ ಋಷಿಗಂಗಾ ಉಕ್ಕಿ ಭಾರಿ ದುರಂತ ಸಂಭವಿಸಿತು. ಅದೇ ವರ್ಷ ಊರು ಬಿರುಕು ಬಿಟ್ಟಾಗ ಗೌರಾ ದೇವಿಯವರ ಪ್ರತಿಮೆಯನ್ನು ಜೋಶಿಮಠಕ್ಕೆ ಸಾಗಿಸಲಾಯಿತು. ಪ್ರತಿಮೆಗೆ ಬೇರೆಡೆ ನೆಲೆ ದೊರೆಯಿತು. ಕಾಡಿನ ನಿರ್ವಹಣೆಯಲ್ಲಿ ಹಳ್ಳಿಗರಿಗೆ ನ್ಯಾಯವಾದ ಪಾಲು ದೊರೆತಾಗಲೇ ಅವರ ಹೋರಾಟ ಪೂರ್ಣಗೊಂಡೀತು.