ದಿನವೂ ದೇವರಿಗೆ ಕೃತಜ್ಞರಾಗಿದ್ದ ಸಂತ ಬಖಿತಾ

ಫೆಬ್ರವರಿ 8 ಸಂತ ಜೋಸೆಫಿನ್ ಬಖಿತಾ ಅವರ ಹಬ್ಬ. 2015ರಿಂದ ಧರ್ಮಸಭೆಯು ಆ ದಿನವನ್ನು ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನಾ ದಿನವನ್ನಾಗಿಯೂ ಆಚರಿಸುತ್ತಿದೆ. ಊಟಕ್ಕೆ ಮುಂಚೆ, ಸಂಜೆಯ ಜಪಸರದ ಬಳಿಕ ನಾವೆಲ್ಲ ದೇವರಿಗೆ ಕೃತಜ್ಞತೆ ಸಲ್ಲಿಸುತ್ತೇವೆ. ಆದರೆ ಮನೆಗೆ ಕಾಯಿಲೆಯೋ ಸಾಲವೋ ಬಂದಾಗ ಆ ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಈ ಸಂತರ ಜೀವನವನ್ನು ನೆನೆಯುವುದು ಒಳ್ಳೆಯದು.

ಸುಮಾರು 1869ರಲ್ಲಿ ಸುಡಾನಿನ ದಾರ್ಫುರ್ ಪ್ರಾಂತ್ಯದಲ್ಲಿ ಹುಟ್ಟಿದ ಬಾಲಕಿಯನ್ನು ಏಳೆಂಟು ವರ್ಷ ಪ್ರಾಯದಲ್ಲೇ ಗುಲಾಮರ ವ್ಯಾಪಾರಿಗಳು ಅಪಹರಿಸಿದರು. ಭಯದಲ್ಲಿ ಆಕೆಗೆ ಹೆತ್ತವರು ಇಟ್ಟ ಹೆಸರೇ ಮರೆತುಹೋಯಿತು. ಅಪಹರಿಸಿದವರು ಇಟ್ಟ ಹೆಸರು ಬಖಿತಾ. ಅರಬ್ಬೀ ಭಾಷೆಯಲ್ಲಿ ಭಾಗ್ಯವಂತೆ ಎಂದರ್ಥ. ಎಂಥ ಕ್ರೂರ ತಮಾಷೆ! ಮುಂದೆ ಸಂತೆಯ ದನದಂತೆ ಆಕೆ ಹಲವು ಕೈಗಳಿಗೆ ಮಾರಾಟವಾದಳು. ಒಬ್ಬ ತುರ್ಕಿ ಸೇನಾಧಿಕಾರಿಯ ಮನೆಯಲ್ಲಿ ಹಚ್ಚೆ ಹಾಕಲೆಂದು ಮೈಯನ್ನು ಅಲಗಿನಿಂದ ಗೀರಿ, ಗಾಯಗಳಿಗೆ ಉಪ್ಪು ತುಂಬಿದರು. ಅಂಥ 114 ಗುರುತುಗಳು ಕೊನೆಯ ತನಕ ಆಕೆಯ ಮೈಮೇಲಿದ್ದವು.

1883ರಲ್ಲಿ ಖಾರ್ಟೂಮ್ ನಗರದಲ್ಲಿದ್ದ ಇಟಲಿಯ ಕಾನ್ಸುಲ್ ಆಕೆಯನ್ನು ಕೊಂಡರು. ಅಲ್ಲಿ ಮೊದಲ ಬಾರಿಗೆ ಚಾಟಿಯೇಟು ನಿಂತಿತು. 1885ರಲ್ಲಿ ಇಟಲಿಗೆ ಬಂದ ಬಖಿತಾ ಒಂದು ಕುಟುಂಬದಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಯಜಮಾನಿ ಸುಡಾನಿಗೆ ಹೋದಾಗ ಮಗುವನ್ನೂ ಬಖಿತಾಳನ್ನೂ ವೆನಿಸಿನ ಕನೋಸಿಯನ್ ಭಗಿನಿಯರ ಬಳಿ ಬಿಟ್ಟಳು. ಚಿಕ್ಕಂದಿನಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳನ್ನು ನೋಡಿ ಇವುಗಳಿಗೆಲ್ಲ ಒಡೆಯ ಯಾರಿರಬಹುದು ಎಂದು ಬೆರಗಾಗುತ್ತಿದ್ದ ಬಖಿತಾಳಿಗೆ ಆ ಒಡೆಯನ ಪರಿಚಯವಾದದ್ದು ಅಲ್ಲಿ. ಕೊಂಡು ಮಾರುವ ಒಡೆಯರನ್ನಷ್ಟೇ ಕಂಡಿದ್ದವಳಿಗೆ, ಶಿಲುಬೆಯ ಮೇಲೆ ತಾನೇ ಏಟು ತಿಂದ ಒಡೆಯ!

1889ರಲ್ಲಿ ಕರೆದೊಯ್ಯಲು ಬಂದ ಯಜಮಾನಿಯ ಜತೆ ಹೋಗಲು ಬಖಿತಾ ಒಪ್ಪಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಯಿತು. ಇಟಲಿಯ ಕಾನೂನಿನಲ್ಲಿ ಗುಲಾಮಗಿರಿಗೆ ಸ್ಥಾನವಿಲ್ಲದ ಕಾರಣ ನವೆಂಬರ್ 29ರಂದು ಆಕೆ ಸ್ವತಂತ್ರಳೆಂದು ತೀರ್ಪು ಬಂತು. 1890ರ ಜನವರಿ 9ರಂದು ಜ್ಞಾನಸ್ನಾನ ಪಡೆದಳು. ಆ ಜ್ಞಾನಸ್ನಾನದ ತೊಟ್ಟಿಯ ಬಳಿ ಬಂದಾಗಲೆಲ್ಲ ಅದಕ್ಕೆ ಮುತ್ತಿಟ್ಟು, ತಾನು ದೇವರ ಮಗಳಾದದ್ದು ಇಲ್ಲೇ ಎಂದು ನೆನೆಯುತ್ತಿದ್ದಳು.

1896ರಲ್ಲಿ ವ್ರತ ಸ್ವೀಕರಿಸಿದ ಸಿಸ್ಟರ್ ಬಖಿತಾ 1902ರಿಂದ ಸ್ಕಿಯೋ ಪಟ್ಟಣದ ಕಾನ್ವೆಂಟಿನಲ್ಲಿದ್ದರು. ಅಡುಗೆ, ಕಸೂತಿ, ಸಕ್ರಿಸ್ತಿಯ ಕೆಲಸ, ಬಾಗಿಲು ಕಾಯುವುದು, ಎಲ್ಲವನ್ನೂ ನಗುಮುಖದಿಂದಲೇ ಮಾಡಿದರು. ತಮ್ಮನ್ನು ಅಪಹರಿಸಿದವರು ಸಿಕ್ಕಿದರೆ ಮೊಣಕಾಲೂರಿ ಅವರ ಕೈಗೆ ಮುತ್ತಿಡುವೆ, ಅದು ನಡೆಯದಿದ್ದರೆ ತಾನು ಕ್ರೈಸ್ತಳೂ ಧರ್ಮಭಗಿನಿಯೂ ಆಗುತ್ತಿರಲಿಲ್ಲ ಎನ್ನುತ್ತಿದ್ದರು. ಇದನ್ನು ಕೇಳಿ ಗುಲಾಮಗಿರಿಯನ್ನೇ ಅವರು ಒಪ್ಪಿಕೊಂಡರು ಎಂದುಕೊಳ್ಳುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಮರಳಿ ಹೋಗಲಾರೆ ಎಂದು ಅಧಿಕಾರಿಗಳೆದುರು ಗಟ್ಟಿಯಾಗಿ ಹೇಳಿದವರೂ ಇವರೇ. ಕ್ಷಮಿಸಿದ್ದು ಮನುಷ್ಯರನ್ನು, ಕೃತಜ್ಞತೆ ಹೇಳಿದ್ದು ಆ ಕತ್ತಲಲ್ಲೂ ಕೈಬಿಡದ ದೇವರಿಗೆ.

ನೋವು ಮಾತ್ರ ಅಳಿಸಿಹೋಗಿರಲಿಲ್ಲ. 1947ರ ಕೊನೆಯ ಕಾಯಿಲೆಯಲ್ಲಿ ಆ ಗುಲಾಮಿ ದಿನಗಳು ಮತ್ತೆ ಕಣ್ಣಮುಂದೆ ಬಂದು, ಸಂಕೋಲೆ ಭಾರವಾಗಿದೆ, ಸ್ವಲ್ಪ ಸಡಿಲಿಸಿ ಎಂದು ಆರೈಕೆ ಮಾಡುತ್ತಿದ್ದವರನ್ನು ಬೇಡುತ್ತಿದ್ದರು. ಫೆಬ್ರವರಿ 8ರಂದು ಮಾತೆ ಮರಿಯಳನ್ನು ಕರೆಯುತ್ತಾ, ನಗುಮುಖದಲ್ಲೇ ಪ್ರಾಣಬಿಟ್ಟರು. 2000ದ ಅಕ್ಟೋಬರ್ 1ರಂದು ಪೋಪ್ ದ್ವಿತೀಯ ಜಾನ್ ಪಾವ್ಲ್ ಅವರನ್ನು ಸಂತರೆಂದು ಘೋಷಿಸಿದರು.